ಬುದ್ಧಿಹಲ್ಲು ಮತ್ತು ಅದರ ನೆರೆಹಲ್ಲು

‘ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ’ ಎಂಬ ಗಾದೆಯನ್ನು ನೀವೆಲ್ಲರೂ ಕೇಳಿದ್ದೀರಿ. ಜೋಳದ ಕಟಿ ರೊಟ್ಟಿ ತಿಂದು ಬೆಳೆದ ನಮ್ಮ ಸೀಮೆಯವರಿಗಂತೂ ಗಟ್ಟಿ ದವಡೆಹಲ್ಲುಗಳು ಬೇಕೇ ಬೇಕು. ಆದರೆ ಅವುಗಳಲ್ಲಿ ಕೊನೆಯದಾದ ಬುದ್ಧಿಹಲ್ಲು ಅನೇಕರಿಗೆ ಉಪಕಾರಕ್ಕಿಂತ ಉಪದ್ರವವನ್ನೇ ಹೆಚ್ಚು ಕೊಡುತ್ತದೆ. ಅದನ್ನು ಕೀಳಿಸುವಾಗ ಪಕ್ಕದ ಹಲ್ಲಿಗೆ ಏನಾಗಬಹುದು, ಆ ಹಲ್ಲಿಗೆ ಮೊದಲೇ ಸಿಮೆಂಟು ತುಂಬಿಸಿದ್ದರೆ ಅಥವಾ ಕ್ಯಾಪ್ ಹಾಕಿಸಿದ್ದರೆ ಯಾವ ಎಚ್ಚರ ಬೇಕು ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಹೆಸರಿನ ಅರ್ಥ

ಮರಾಠಿಯಲ್ಲಿ ಇದನ್ನು ‘ಅಕ್ಕಲದಾಢ’ ಎನ್ನುತ್ತಾರೆ. ‘ಅಕ್ಕಲ’ ಎಂಬುದು ಅರಬ್ಬಿಯಿಂದ ಬಂದ ಶಬ್ದ. ಬುದ್ಧಿ ಎಂದು ಅದರ ಅರ್ಥ. ‘ದಾಢ’ ಸಂಸ್ಕೃತದ ‘ದಂಷ್ಟ್ರಾ’ದಿಂದ ಬಂದುದು. ನಮ್ಮ ಕನ್ನಡದ ‘ದಾಡೆ’ಯೂ ಅದೇ ಶಬ್ದದ ತದ್ಭವ. ಸಾಮಾನ್ಯವಾಗಿ 17ರಿಂದ 25 ವರ್ಷದೊಳಗೆ, ಅಂದರೆ ಬುದ್ಧಿ ಬಲಿಯುವ ಕಾಲಕ್ಕೆ ಹುಟ್ಟುವುದರಿಂದ ಈ ಹೆಸರು. ಇದರ ಹೊರತು ಬುದ್ಧಿಗೂ ಈ ಹಲ್ಲಿಗೂ ಯಾವ ಸಂಬಂಧವೂ ಇಲ್ಲ. ಇದನ್ನು ಕೀಳಿಸಿದರೆ ಬುದ್ಧಿ ಮಂದವಾಗುತ್ತದೆ, ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆ ಎಂಬ ಮಾತುಗಳು ಸುಳ್ಳು.

ನೆರೆಹಲ್ಲಿಗೆ ಬರುವ ಕೇಡು

ಪೂರ್ಣ ಬೆಳೆದ ಮನುಷ್ಯನಿಗೆ 32 ಹಲ್ಲು. ಮೊದಲನೆಯ ದವಡೆಹಲ್ಲು ಸುಮಾರು 6ನೆಯ ವರ್ಷಕ್ಕೆ, ಎರಡನೆಯದು 12ನೆಯ ವರ್ಷಕ್ಕೆ ಹುಟ್ಟುತ್ತವೆ. ಮೂರನೆಯದಾದ ಬುದ್ಧಿಹಲ್ಲು ಬರುವಷ್ಟರಲ್ಲಿ ಎಷ್ಟೋ ಜನರ ದವಡೆಯಲ್ಲಿ ಜಾಗವೇ ಉಳಿದಿರುವುದಿಲ್ಲ. ಮೂವರು ಕೂಡುವ ಬೆಂಚಿನ ಮೇಲೆ ನಾಲ್ಕನೆಯವನು ಬಂದಂತೆ ಅದು ವಾಲಿಕೊಂಡು, ಎರಡನೆಯ ದವಡೆಹಲ್ಲಿನ ಬೆನ್ನಿಗೆ ಆತುಕೊಂಡು ನಿಲ್ಲುತ್ತದೆ. ಆ ಸಂದಿಯಲ್ಲಿ ಅನ್ನ, ರೊಟ್ಟಿಯ ಚೂರು ಸಿಕ್ಕಿಕೊಳ್ಳುತ್ತವೆ. ಬ್ರಷ್ಷಾಗಲಿ ಬೇವಿನಕಡ್ಡಿಯಾಗಲಿ ಅಲ್ಲಿಗೆ ಮುಟ್ಟುವುದಿಲ್ಲ. ಕ್ರಮೇಣ ನೆರೆಹಲ್ಲಿನ ಹಿಂಭಾಗ ಹುಳುಕಾಗುತ್ತದೆ, ವಸಡು ಬಿಟ್ಟುಕೊಳ್ಳುತ್ತದೆ.

ನಮ್ಮ ಊರಿನ ತರುಣನೊಬ್ಬ ‘ಹಲ್ಲು ಕೀಳಿಸಿದರೆ ಏನಾಗುತ್ತದೋ’ ಎಂಬ ಅಂಜಿಕೆಯಿಂದ ಎರಡು ವರ್ಷ ಅಂಗಡಿಯ ಗುಳಿಗೆ ನುಂಗುತ್ತ ಕಳೆದ. ಕೊನೆಗೆ ಎಕ್ಸ್‌ರೇ ತೆಗೆಸಿದಾಗ ಬುದ್ಧಿಹಲ್ಲಿನ ಜೊತೆಗೆ ಅದರ ಮುಂದಿನ ಒಳ್ಳೆಯ ಹಲ್ಲೂ ನರದವರೆಗೆ ಹುಳುಕಾಗಿತ್ತು. ಒಂದನ್ನು ಕೀಳಿಸಿದರೆ ಮುಗಿಯುವ ಕೆಲಸ, ರೂಟ್ ಕೆನಾಲ್ ಮತ್ತು ಕ್ಯಾಪಿನ ಖರ್ಚಿನವರೆಗೆ ಹೋಯಿತು. ಉಪಯೋಗವಿಲ್ಲದ ಹಲ್ಲನ್ನು ಉಳಿಸಲು ಹೋಗಿ ಉಪಯೋಗದ ಹಲ್ಲಿಗೆ ಕುತ್ತು ತಂದುಕೊಂಡಂತಾಯಿತು.

ಹಾಗೆಂದು ಎಲ್ಲರೂ ಕೀಳಿಸಲೇಬೇಕೆಂದಲ್ಲ. ರೋಗವಿಲ್ಲದ ಬುದ್ಧಿಹಲ್ಲನ್ನು ಬರಿಯ ಮುನ್ನೆಚ್ಚರಿಕೆಗಾಗಿ ಕೀಳುವ ರೂಢಿ ನಿಲ್ಲಬೇಕೆಂದು ಬ್ರಿಟನ್ನಿನ ‘ನೈಸ್’ ಎಂಬ ಆರೋಗ್ಯ ಸಂಸ್ಥೆ 2000ದಲ್ಲಿ ಸೂಚಿಸಿತು. ಆದರೆ ಹಾಗೆ ಬಿಟ್ಟ ಕೆಲವು ಹಲ್ಲುಗಳಿಂದ ನೆರೆಹಲ್ಲು ಹುಳುಕಾಗುವುದು ತಡವಾಗಿ ಗೊತ್ತಾಗುತ್ತದೆಂದು ಆಮೇಲೆ ದಂತವೈದ್ಯರು ಎತ್ತಿ ತೋರಿಸಿದರು. ಆದ್ದರಿಂದ ಬಿಡುವುದಾದರೆ ಆಗಾಗ ತೋರಿಸುತ್ತ ಇರಬೇಕು.

ಕೀಳುವಾಗ ನಡೆಯುವುದೇನು?

ವಿಜ್ಞಾನದ ತರಗತಿಯಲ್ಲಿ ಸನ್ನೆಗೋಲಿನ ಪಾಠ ಓದಿದ್ದೀರಿ. ವೈದ್ಯರು ಹಲ್ಲನ್ನು ಸಡಿಲಿಸಲು ಬಳಸುವ ಉಕ್ಕಿನ ಉಪಕರಣವೂ ಒಂದು ಪುಟ್ಟ ಸನ್ನೆಗೋಲೇ. ಅದರ ಆಧಾರಬಿಂದು ದವಡೆಯ ಎಲುಬಿನ ಮೇಲಿರಬೇಕೇ ಹೊರತು ನೆರೆಹಲ್ಲಿನ ಮೇಲಲ್ಲ. ನೆರೆಹಲ್ಲಿನ ಮೇಲೆ ಭಾರ ಬಿದ್ದರೆ ಅದು ಅಲುಗಾಡಬಹುದು. ಅದರಲ್ಲಿ ತುಂಬಿಸಿದ ದೊಡ್ಡ ಸಿಮೆಂಟು ಒಡೆಯಬಹುದು, ಕ್ಯಾಪ್ ಸಡಿಲವಾಗಬಹುದು. ಎರಡು ಹಲ್ಲುಗಳು ಒಂದಕ್ಕೊಂದು ಬಿಗಿಯಾಗಿ ಒತ್ತಿಕೊಂಡಿದ್ದರೆ ಎಷ್ಟು ಜೋಪಾನ ಮಾಡಿದರೂ ಇಂಥ ಸಂಭವ ಉಂಟು. ಆದಕಾರಣ ಯಾವ ಹಲ್ಲಿಗೆ ಏನು ಮಾಡಿಸಿದ್ದೇವೆಂದು ಮೊದಲೇ ವೈದ್ಯರಿಗೆ ಹೇಳುವುದು ರೋಗಿಯ ಕರ್ತವ್ಯ. ಆಗ ಅವರು ಬುದ್ಧಿಹಲ್ಲನ್ನು ತುಂಡು ತುಂಡಾಗಿ ಕತ್ತರಿಸಿ ತೆಗೆದು, ನೆರೆಹಲ್ಲಿನ ಮೇಲೆ ಒತ್ತಡ ಬೀಳದಂತೆ ನೋಡಿಕೊಳ್ಳಬಲ್ಲರು.

ಯಾವುದು ಮೊದಲು?

ಬುದ್ಧಿಹಲ್ಲು ತೆಗೆಯುವುದೂ, ನೆರೆಹಲ್ಲಿಗೆ ಕ್ಯಾಪ್ ಹಾಕುವುದೂ ಎರಡೂ ಇದ್ದರೆ, ಸಾಮಾನ್ಯವಾಗಿ ಮೊದಲು ಹಲ್ಲು ತೆಗೆಸುವುದೇ ಲೇಸು. ಕಾರಣ ಎರಡು: ಹೊಸ ಕ್ಯಾಪಿಗೆ ಪೆಟ್ಟಾಗುವ ಭಯವಿರುವುದಿಲ್ಲ, ವಸಡು ಮಾಯ್ದ ಮೇಲೆ ಹಲ್ಲಿನ ಹಿಂಬದಿ ಸರಿಯಾಗಿ ಕಾಣುವುದರಿಂದ ಕ್ಯಾಪಿನ ಅಂಚು ಚೆನ್ನಾಗಿ ಕೂಡುತ್ತದೆ. ನೆರೆಹಲ್ಲಿನ ನೋವು ಜೋರಾಗಿದ್ದರೆ ತಾತ್ಕಾಲಿಕವಾಗಿ ಔಷಧ ತುಂಬಿ ಶಮನ ಮಾಡುತ್ತಾರೆ.

ಕೀಳಿಸಿದ ನಂತರ

ಗುಣಿಯಲ್ಲಿ ಹೆಪ್ಪುಗಟ್ಟಿದ ರಕ್ತವೇ ಗಾಯಕ್ಕೆ ಮುಚ್ಚಳ. ಮೊದಲ ದಿನ ಬಾಯಿ ಜೋರಾಗಿ ಮುಕ್ಕಳಿಸಬಾರದು, ಉಗುಳಬಾರದು. ಆ ಹೆಪ್ಪು ಕಿತ್ತುಹೋದರೆ ಎಲುಬು ಬಯಲಾಗಿ ಎರಡು ಮೂರು ದಿನಗಳಲ್ಲಿ ಕಿವಿಯವರೆಗೆ ಸಿಡಿಯುವ ನೋವು ಬರುತ್ತದೆ. ಬೀಡಿ ಸೇದುವವರಿಗೆ ಈ ಅಪಾಯ ಹೆಚ್ಚು. ತಂಬಾಕು, ಮಾವಾ, ಗುಟಕಾಗಳೂ ಗಾಯಕ್ಕೆ ಶತ್ರುಗಳೇ. ನೆರೆಹಲ್ಲಿಗೆ ಕೆಲವು ದಿನ ತಣ್ಣೀರು ಜುಮ್ಮೆನ್ನಬಹುದು. ಹಿಂದೆ ಮುಚ್ಚಿದ್ದ ಅದರ ಬೆನ್ನು ಈಗ ತೆರೆದಿರುವುದೇ ಇದಕ್ಕೆ ಕಾರಣ. ಬಹುಮಟ್ಟಿಗೆ ತಾನಾಗಿ ಕಡಿಮೆಯಾಗುತ್ತದೆ. ಆದರೆ ಕಚ್ಚಿದರೆ ನೋವು, ಹಲ್ಲಿನ ಅಲುಗಾಟ, ಕ್ಯಾಪ್ ಕದಲುವುದು, ತುಟಿ ಮರಗಟ್ಟಿರುವುದು ಕಂಡುಬಂದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ನೆನಪಿಡಬೇಕಾದ ಅಂಶಗಳು

1. ನೋವು ಬಂದಾಗ ಬರಿಯ ಗುಳಿಗೆಯನ್ನು ನಂಬಬೇಡಿರಿ, ಎಕ್ಸ್‌ರೇ ತೆಗೆಸಿರಿ.
2. ಹಳೆಯ ಸಿಮೆಂಟು, ಕ್ಯಾಪುಗಳ ವಿಷಯ ವೈದ್ಯರಿಗೆ ಮೊದಲೇ ತಿಳಿಸಿರಿ.
3. ಒಂದು ದಿನ ಕಳೆದ ಮೇಲೆ ಉಗುರುಬೆಚ್ಚಗಿನ ಉಪ್ಪುನೀರಿನಿಂದ ಮೆಲ್ಲಗೆ ಬಾಯಿ ಮುಕ್ಕಳಿಸಿರಿ.
4. ಗಾಯ ಮಾಯ್ದ ಮೇಲೆ ನೆರೆಹಲ್ಲಿನ ಹಿಂಬದಿಯನ್ನು ದಿನಾಲು ಉಜ್ಜಿರಿ.

ವಿದ್ಯಾರ್ಥಿಗಳೇ, ಹತ್ತನೆಯ ಇಯತ್ತೆ ಮುಗಿಸಿ ನೀವು ಊರು ಬಿಡುವ ವಯಸ್ಸಿಗೇ ಈ ಹಲ್ಲೂ ತಲೆ ಎತ್ತುತ್ತದೆ. ಸೊಲ್ಲಾಪುರದಲ್ಲಿರಲಿ ಪುಣೆಯಲ್ಲಿರಲಿ, ವೈದ್ಯರು ಯಾವ ಭಾಷೆಯಲ್ಲಿ ಕೇಳಿದರೂ ಅಂಜದೆ ಉತ್ತರ ಹೇಳಿರಿ. ಮನೆಯಲ್ಲಿ ಹಿರಿಯರಾರಾದರೂ ದವಡೆ ಹಿಡಿದುಕೊಂಡು ಕುಳಿತಿದ್ದರೆ ಅವರಿಗೂ ಇದನ್ನು ಓದಿ ಹೇಳಿರಿ.