ಬಾಣಂತಿಯ ಖಿನ್ನತೆ: ಚಿಕಿತ್ಸೆ ಕೇಳಿದರೆ ಮಗು ಕೈತಪ್ಪುವುದಿಲ್ಲ

ಬೆಳಗಾವಿ ಕಡೆಯಿಂದ ಘಟ್ಟ ಇಳಿದು ದುಡಿಮೆಗಾಗಿ ಬಂದ ಕನ್ನಡದ ಕುಟುಂಬಗಳು ಗೋವಾದಲ್ಲಿ ಬಹಳ. ಬಾಂಬೋಳಿಯ ಗೋವಾ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ 2023ರಲ್ಲಿ ಮಕ್ಕಳಿಲ್ಲದವರಿಗೆ ಉಚಿತ ಐವಿಎಫ್ (ಪ್ರಣಾಳ ಶಿಶು) ಚಿಕಿತ್ಸೆ ಶುರುವಾಯಿತು. ಆದರೆ ವರ್ಷಗಟ್ಟಲೆ ಕಾದು ಹೆತ್ತವಳು ಮಂಕಾಗಿ ಕುಳಿತರೆ, ‘ಹರಕೆ ಹೊತ್ತು ಪಡೆದ ಕೂಸು, ಇನ್ಯಾಕೆ ಅಳು?’ ಎನ್ನುವವರೇ ಹೆಚ್ಚು. ಎರಡು ವಾರ ದಾಟಿದರೂ ಬಿಡದ ದುಃಖ, ಮಗುವಿನ ಬಗ್ಗೆ ನಿರಾಸಕ್ತಿ ಖಿನ್ನತೆಯ ಲಕ್ಷಣಗಳಿರಬಹುದು. ಆಸ್ಪತ್ರೆಗೆ ಹೋದರೆ ಮಗುವನ್ನು ಕಿತ್ತುಕೊಳ್ಳುತ್ತಾರೆಂಬ ಅಂಜಿಕೆಯಿಂದ ಎಷ್ಟೋ ತಾಯಂದಿರು ಬಾಯಿ ಬಿಡುವುದಿಲ್ಲ.

ಮಗುವನ್ನು ಬೇರ್ಪಡಿಸಬಹುದೇ?
ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 21ನೇ ಸೆಕ್ಷನ್ ಪ್ರಕಾರ, ಒಳರೋಗಿಯಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸುವಂತಿಲ್ಲ. ಮಗುವಿಗೆ ಅಪಾಯವಿದೆಯೆಂದು ಮನೋವೈದ್ಯರಿಗೆ ಕಂಡರೆ ತಾತ್ಕಾಲಿಕವಾಗಿ ದೂರ ಇಡಬಹುದು. ಆಗಲೂ ಸಿಬ್ಬಂದಿ ಅಥವಾ ಮನೆಯವರ ಮೇಲ್ವಿಚಾರಣೆಯಲ್ಲಿ ತಾಯಿ ಮಗುವನ್ನು ಕಾಣಬಹುದು. ಬೇರ್ಪಡಿಸುವ ತೀರ್ಮಾನವನ್ನು 15 ದಿನಕ್ಕೊಮ್ಮೆ ಮರುಪರಿಶೀಲಿಸಬೇಕು. 30 ದಿನ ಮೀರಿದರೆ ಮಾನಸಿಕ ಆರೋಗ್ಯ ಪ್ರಾಧಿಕಾರದ ಒಪ್ಪಿಗೆ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ–ಮಗುವನ್ನು ಒಟ್ಟಿಗೇ ಇರಿಸಿಕೊಳ್ಳುವ ಪ್ರತ್ಯೇಕ ಘಟಕವೇ ಇದೆ.

ಮಾನಸಿಕ ಕಾಯಿಲೆ ಇದೆಯೆಂದ ಮಾತ್ರಕ್ಕೆ ಯಾರನ್ನೂ ಬುದ್ಧಿಭ್ರಮಣೆಯಾದವರೆಂದು ಪರಿಗಣಿಸುವಂತಿಲ್ಲ; ಅದನ್ನು ಸಾರುವ ಅಧಿಕಾರ ನ್ಯಾಯಾಲಯದ್ದು. ಚಿಕಿತ್ಸೆಯ ವಿವರವನ್ನು ಆಸ್ಪತ್ರೆ ಗೋಪ್ಯವಾಗಿಡಬೇಕು.

ಐವಿಎಫ್ ಮಗು ಯಾರದು?
2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ, ಮಗು ಚಿಕಿತ್ಸೆ ಪಡೆದ ದಂಪತಿಯ ಜೈವಿಕ ಸಂತಾನವೇ. ದಾನಿಯ ಅಂಡ ಅಥವಾ ವೀರ್ಯ ಬಳಸಿದ್ದರೂ ದಾನಿಗೆ ಹಕ್ಕಿಲ್ಲ. ಚಿಕಿತ್ಸೆಗೆ ಮೊದಲು ವೆಚ್ಚ, ಅಪಾಯ, ಅಡ್ಡಪರಿಣಾಮಗಳನ್ನು ತಿಳಿಸಿ ಆಪ್ತಸಮಾಲೋಚನೆ ನೀಡುವುದು ಕ್ಲಿನಿಕ್‌ನ ಹೊಣೆ.

ಕೆಲಸದವರಿಗೆ ರಜೆ
ಹೆರಿಗೆ ಸೌಲಭ್ಯಕ್ಕೆ ಅರ್ಹರಾದವರು ಹೆರಿಗೆಯಿಂದ ಬಂದ ಕಾಯಿಲೆಗೆ ಸಂಬಳಸಹಿತ ಇನ್ನೊಂದು ತಿಂಗಳವರೆಗೆ ರಜೆ ಕೇಳಬಹುದು. ಕಾಯಿಲೆ ಹೆರಿಗೆಗೆ ಸಂಬಂಧಿಸಿದ್ದೆಂದು ವೈದ್ಯರ ಪ್ರಮಾಣಪತ್ರದಲ್ಲಿ ಬರೆಸಿಕೊಳ್ಳಿ.

ಎಲ್ಲಿಗೆ ಹೋಗಬೇಕು?
• ಟೆಲಿ ಮಾನಸ್, 14416: ಉಚಿತ, ಕನ್ನಡದಲ್ಲೂ ಮಾತಾಡಬಹುದು.
• ಬಾಂಬೋಳಿಯ ಸರ್ಕಾರಿ ಮನೋವೈದ್ಯ ಸಂಸ್ಥೆ.
• ಸೇವೆಯಲ್ಲಿ ಲೋಪವಾದರೆ ಮೊದಲು ಆಸ್ಪತ್ರೆಯ ಮುಖ್ಯಸ್ಥರಿಗೆ ದೂರು ಕೊಡಿ. ಬಗೆಹರಿಯದಿದ್ದರೆ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗೆ ಹೋಗಿ.
• ಉಚಿತ ಕಾನೂನು ನೆರವು, 15100: ಮಹಿಳೆಯರಿಗೆ ಆದಾಯದ ಮಿತಿ ಇಲ್ಲ.

ತನಗೋ ಮಗುವಿಗೋ ಕೇಡು ಮಾಡುವ ಮಾತು ಬಾಣಂತಿಯ ಬಾಯಲ್ಲಿ ಬಂದರೆ ಆಕೆಯನ್ನು ಒಂಟಿಯಾಗಿ ಬಿಡಬೇಡಿ. ಕೂಡಲೇ 112ಕ್ಕೆ ಕರೆ ಮಾಡಿ. ಮನೆಯವರು ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಲಿ. ಮಗುವನ್ನೂ ಜೊತೆಗೇ ಕರೆದುಕೊಂಡು ಹೋಗಲಿ.