ಪ್ಲಗ್ ವೈರಿನ ಹಾದಿ ಸರಿಯಿರಲಿ

ಮಳೆ ಬಿದ್ದೊಡನೆ ಮಧುಗಿರಿ, ಕೊರಟಗೆರೆ, ಶಿರಾ ತಾಲ್ಲೂಕುಗಳ ಅಡಿಕೆ ತೋಟಗಳಲ್ಲಿ ಕಳೆ ಕೊಚ್ಚುವ ಯಂತ್ರಕ್ಕೆ ಬಿಡುವಿರುವುದಿಲ್ಲ. ಪಾವಗಡದ ಕಡೆ ಔಷಧಿ ಸಿಂಪಡಿಸುವ ಪೆಟ್ರೋಲ್ ಪಂಪು ಧೂಳಿನಲ್ಲೇ ದುಡಿಯಬೇಕು. ಇಂಥ ಹೊತ್ತಿನಲ್ಲಿ ಎಂಜಿನ್ ಕೈಕೊಟ್ಟರೆ ಆಳಿನ ಕೂಲಿಯೂ ದಂಡ, ಹದವೂ ತಪ್ಪಿತು. ಇದಕ್ಕೆ ಕಾರಣ ಎಷ್ಟೋ ಸಲ ಗೇಣುದ್ದದ ಪ್ಲಗ್ ವೈರು. (ಡೀಸೆಲ್ ಎಂಜಿನ್ನಿಗೆ ಪ್ಲಗ್ಗಿನ ಕಿಡಿ ಬೇಡ, ಈ ಪಾಠ ಪೆಟ್ರೋಲ್ ಮತ್ತು ಪೆಟ್ರೋಲ್-ಸೀಮೆಎಣ್ಣೆ ಎಂಜಿನ್ನುಗಳಿಗೆ ಮಾತ್ರ.)

ಮನೆಯ ದೀಪಕ್ಕೆ ಬರುವುದು 230 ವೋಲ್ಟ್. ಪ್ಲಗ್ಗಿನ ಸಂದನ್ನು ಹಾರಿ ಕಿಡಿ ಹೊತ್ತಲು ಸುಮಾರು 10,000 ವೋಲ್ಟ್ ಅಥವಾ ಅದಕ್ಕೂ ಹೆಚ್ಚು ಬೇಕು. ವೈರಿನ ರಬ್ಬರು ಸವೆದಿದ್ದರೆ ಈ ವಿದ್ಯುತ್ತು ಪ್ಲಗ್ಗಿನವರೆಗೆ ಹೋಗದೆ, ಹತ್ತಿರದ ಕಬ್ಬಿಣಕ್ಕೆ ಹಾರಿಬಿಡುತ್ತದೆ. ಆಗ ಎಂಜಿನ್ ತಡವರಿಸುತ್ತದೆ. ಉರಿಯದ ಪೆಟ್ರೋಲು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದುಹಾಕುತ್ತದೆ. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಕೆಳಗಿಳಿದು ಆಯಿಲನ್ನೂ ತೆಳುವಾಗಿಸುತ್ತದೆ. ರಿಂಗು, ಬೋರು ಸವೆಯುವುದು ಹೀಗೆ. ಪೆಟ್ರೋಲು ಸೋರುತ್ತಿದ್ದ ಜಾಗದಲ್ಲಿ ಕಿಡಿ ಹಾರಿದರೆ ಬೆಂಕಿಯ ಅಪಾಯವೂ ಉಂಟು.

ಆದ್ದರಿಂದ ಈ ಕೆಳಗಿನವನ್ನು ಗಮನಿಸತಕ್ಕದ್ದು:

1. ವೈರು ಸೈಲೆನ್ಸರಿಗೆ, ಸಿಲಿಂಡರಿನ ರೆಕ್ಕೆಗಳಿಗೆ, ತಿರುಗುವ ಭಾಗಕ್ಕೆ ತಾಗದಿರಲಿ. ಪೆಟ್ರೋಲ್ ಕೊಳವೆಗೆ ಸೇರಿಸಿ ಕಟ್ಟಬೇಡಿ.

2. ಕಂಪನಿಯವರು ಕೊಟ್ಟ ಕ್ಲಿಪ್ಪಿನಲ್ಲೇ ವೈರನ್ನು ಕೂರಿಸಿ. ಬಿಗಿಯಾಗಿ ಎಳೆಯಬೇಡಿ, ಜೋತಾಡಲೂ ಬಿಡಬೇಡಿ. ಕ್ಲಿಪ್ಪಿನ ಬದಲು ಕಬ್ಬಿಣದ ತಂತಿ ಬಿಗಿದರೆ ಅದೇ ರಬ್ಬರನ್ನು ಕೊಯ್ಯುತ್ತದೆ.

3. ಪ್ಲಗ್ ಬಿಚ್ಚುವಾಗ ಟೋಪಿಯನ್ನು ಹಿಡಿದು ಎಳೆಯಿರಿ, ವೈರನ್ನಲ್ಲ.

4. ವೈರು ಕಳಚಿಟ್ಟು ಸ್ಟಾರ್ಟರ್ ಹಗ್ಗ ಎಳೆಯಬೇಡಿ. ದಾರಿ ಸಿಗದ ವಿದ್ಯುತ್ತು ಕಾಯಿಲನ್ನೇ ಸುಟ್ಟೀತು.

5. ಶೆಡ್ಡಿನಲ್ಲಿಟ್ಟ ಯಂತ್ರದ ವೈರನ್ನು ಇಲಿ ಕಡಿಯುವುದುಂಟು. ಹಂಗಾಮಿಗೆ ಮುಂಚೆ ಉದ್ದಕ್ಕೂ ನೋಡಿ.

ಹಳೆಯ ಪೆಟ್ರೋಲ್ ಜೀಪು ಇಟ್ಟುಕೊಂಡವರಿಗೆ ಇನ್ನೊಂದು ಮಾತು. ಅದರ ನಾಲ್ಕು ಸಿಲಿಂಡರುಗಳು 1-3-4-2ರ ಸರದಿಯಲ್ಲಿ ಉರಿಯುತ್ತವೆ. 3 ಮತ್ತು 4 ಅಕ್ಕಪಕ್ಕದವು, ಒಂದರ ಹಿಂದೆ ಒಂದು ಉರಿಯುವಂಥವು. 2 ಮತ್ತು 1 ಕೂಡ ಹಾಗೆಯೇ. ಈ ಜೋಡಿ ವೈರುಗಳನ್ನು ಒಟ್ಟಿಗೆ ಸುತ್ತಿ ಕಟ್ಟಿದರೆ ಒಂದರ ವಿದ್ಯುತ್ತು ಇನ್ನೊಂದಕ್ಕೆ ದಾಟಿ, ಸರದಿ ಬರುವ ಮೊದಲೇ ಕಿಡಿ ಹೊತ್ತಬಹುದು. ಕಾರ್ಬ್ಯುರೇಟರಿನಲ್ಲಿ ಸಿಡಿತ, ಪಿಸ್ಟನ್ನಿಗೆ ಪೆಟ್ಟು ಇದರ ಫಲ. ವೈರುಗಳನ್ನು ಬಿಡಿಬಿಡಿಯಾಗಿ ಇರಿಸಿ. ದಾಟಲೇಬೇಕಾದರೆ ಅಡ್ಡಲಾಗಿ ದಾಟಿಸಿ.

ಪರೀಕ್ಷೆ ಸುಲಭ. ಕತ್ತಲಾದ ಮೇಲೆ ಬಯಲಿನಲ್ಲಿ ಎಂಜಿನ್ ಚಾಲೂ ಮಾಡಿ, ದೂರ ನಿಂತು ನೋಡಿ. ವೈರಿನ ಮೇಲೆ ನೀಲಿ ಕಿಡಿ ಕಂಡರೆ ಸೋರಿಕೆ ಇದೆಯೆಂದೇ ಅರ್ಥ. ಕೈಯಿಂದ ಮುಟ್ಟಲೇಬೇಡಿ. ಟೇಪು ಸುತ್ತುವುದು ಅಂದಿನ ಮಟ್ಟಿಗೆ; ವೈರನ್ನು ಬದಲಾಯಿಸಿ. ಕಾಯಿಲಿಗೇ ಅಂಟಿದ ವೈರಾದರೆ ಕಾಯಿಲನ್ನೇ ಬದಲಾಯಿಸಬೇಕಾದೀತು. ಆ ಖರ್ಚು ಬೋರು ಕೊರೆಸುವುದಕ್ಕಿಂತ ಕಡಿಮೆಯೇ.

ನೀವೇ ಉತ್ತರಿಸಿ: ನಿಮ್ಮ ಯಂತ್ರದ ವೈರು ಸೈಲೆನ್ಸರಿನಿಂದ ಎಷ್ಟು ದೂರವಿದೆ? ಅದರ ಕ್ಲಿಪ್ಪು ಇನ್ನೂ ಇದೆಯೇ?