ಅದಿತಿ ಚೌಹಾಣ್: ಇಂಗ್ಲೆಂಡ್ ಫುಟ್‌ಬಾಲ್ ಲೀಗ್‌ನಲ್ಲಿ ಆಡಿದ ಭಾರತದ ಮೊದಲ ಮಹಿಳೆ

ವಿಭಾಗ: ಕ್ರೀಡೆ / ಸಾಮಾನ್ಯ ಜ್ಞಾನ

- ಜನನ: 20 ನವೆಂಬರ್ 1992, ಚೆನ್ನೈ. ಬೆಳೆದದ್ದು ದೆಹಲಿಯಲ್ಲಿ. ಸ್ಥಾನ: ಗೋಲ್‌ಕೀಪರ್.
- ಉನ್ನತ ಶಿಕ್ಷಣ: ಇಂಗ್ಲೆಂಡ್‌ನ ಲಫ್‌ಬರೊ ವಿಶ್ವವಿದ್ಯಾಲಯ (ಕ್ರೀಡಾ ನಿರ್ವಹಣೆ).
- 2015: ವೆಸ್ಟ್ ಹ್ಯಾಮ್ ಯುನೈಟೆಡ್ ಮಹಿಳಾ ತಂಡಕ್ಕೆ ಸೇರ್ಪಡೆ. ಇಂಗ್ಲೆಂಡ್ ಲೀಗ್‌ನಲ್ಲಿ ಆಡಿದ ಮೊದಲ ಭಾರತೀಯ ಮಹಿಳೆ.
- 2021: ಐಸ್‌ಲ್ಯಾಂಡ್‌ನ ಹಮಾರ್ ಕ್ಲಬ್‌ಗೆ ಸೇರ್ಪಡೆ.
- ಜುಲೈ 2025: ವೃತ್ತಿಪರ ಫುಟ್‌ಬಾಲ್‌ಗೆ ವಿದಾಯ.
- ಸ್ಥಾಪಿಸಿದ ಸಂಸ್ಥೆ: ಶೀ ಕಿಕ್ಸ್ ಫುಟ್‌ಬಾಲ್ ಅಕಾಡೆಮಿ.

ಕರ್ನಾಟಕದ ನಂಟು: 2019–20ರ ಇಂಡಿಯನ್ ವಿಮೆನ್ಸ್ ಲೀಗ್ ಫೈನಲ್ ನಡೆದದ್ದು ಬೆಂಗಳೂರಿನಲ್ಲಿ (14 ಫೆಬ್ರುವರಿ 2020). ಅದಿತಿ ಇದ್ದ ಗೋಕುಲಂ ಕೇರಳ ತಂಡ ಮಣಿಪುರದ ಕ್ರಿಫ್ಸಾ ತಂಡವನ್ನು 3–2ರಿಂದ ಮಣಿಸಿ ಚಾಂಪಿಯನ್ ಆಯಿತು. ಇದೇ ಲೀಗ್‌ನಲ್ಲಿ 2022–23ರಲ್ಲಿ ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಫ್‌ಸಿ ರನ್ನರ್ ಅಪ್.

ಗೊಂದಲ ಬೇಡ: ಇಂಗ್ಲೆಂಡ್‌ನ ಬರಿ ಕ್ಲಬ್‌ಗೆ 1999ರಲ್ಲಿ ಸೇರಿದವರು ಭಾರತದ ಪುರುಷ ಫುಟ್‌ಬಾಲ್ ಆಟಗಾರ ಬೈಚುಂಗ್ ಭುಟಿಯಾ. ಅವರು ಫಾರ್ವರ್ಡ್ ಆಟಗಾರ.

ನಿಯಮ ನೆನಪಿಡಿ: ಗೋಲ್ ಕಂಬಗಳ ನಡುವಿನ ಅಂತರ 7.32 ಮೀ., ಎತ್ತರ 2.44 ಮೀ. 2025–26ರ ನಿಯಮದಂತೆ ಗೋಲ್‌ಕೀಪರ್ ಚೆಂಡನ್ನು ಕೈಯಲ್ಲಿ 8 ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಡಿದರೆ ಎದುರಾಳಿಗೆ ಕಾರ್ನರ್ ಕಿಕ್.

ಅಭ್ಯಾಸ ಪ್ರಶ್ನೆ: ಅದಿತಿ ಚೌಹಾಣ್ 2015ರಲ್ಲಿ ಸೇರಿದ ಕ್ಲಬ್ ಯಾವುದು?
(ಎ) ಆರ್ಸೆನಲ್ (ಬಿ) ಚೆಲ್ಸಿ (ಸಿ) ವೆಸ್ಟ್ ಹ್ಯಾಮ್ ಯುನೈಟೆಡ್ (ಡಿ) ಲಿವರ್‌ಪೂಲ್
ಉತ್ತರ: (ಸಿ)